ಮೂಳೆಗೆ ಸುಣ್ಣ ಬಂದದ್ದು ಎಲ್ಲಿಂದ?

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ, ಉತ್ತರದ ದಂಡೆಯಲ್ಲಿ, ಸದಾಶಿವಗಡದ ಗುಡ್ಡದಿಂದ ಆಚೆಗೆ ಚಾಚಿಕೊಂಡ ಮರಳ ಪಟ್ಟಿ ದೇವಬಾಗ. ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ನದಿಯ ನೀರು, ನಡುವೆ ಗಾಳಿಮರದ ತೋಪು ಮತ್ತು ಮೀನುಗಾರರ ಮನೆಗಳು. ಇಲ್ಲಿಂದ ಅಂಕೋಲೆಯವರೆಗಿನ ತೀರದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ತಿಳಿದುಕೊಂಡಿರುವುದು ಆಳಲು ಬಂದವರ, ವ್ಯಾಪಾರಕ್ಕೆ ಬಂದವರ ಬರಹಗಳಿಂದ. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದ ಮೇಲೆ ಇಲ್ಲಿಂದ ಹೊರಟ ಕಾಳುಮೆಣಸು, ಬಟ್ಟೆಗಳ ಸುದ್ದಿ ಅವರ ಕಾಗದಪತ್ರಗಳಲ್ಲಿದೆ. ಆ ಮೂಟೆಗಳನ್ನು ದೋಣಿಗೆ ಹೊತ್ತವರು ರಾತ್ರಿ ಏನು ಉಂಡು ಮಲಗಿದರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಬರೆಯದವರ ಬದುಕನ್ನು ಅವರ ಮೂಳೆಯಿಂದಲೇ ಓದಬಹುದು ಎಂಬ ಭರವಸೆಯನ್ನು ಕಳೆದ ಅರವತ್ತು ವರ್ಷಗಳಲ್ಲಿ ರಸಾಯನಶಾಸ್ತ್ರ ಕೊಟ್ಟಿದೆ. ಮೂಳೆಯಲ್ಲಿ ಅತಿ ಸಣ್ಣ ಪ್ರಮಾಣದಲ್ಲಿ ಸೇರಿಕೊಂಡಿರುವ ಸ್ಟ್ರಾನ್ಷಿಯಂ, ಬೇರಿಯಂ, ಸತು, ಸೀಸದಂಥ ಲೋಹಗಳನ್ನು ಅಳೆದರೆ ಸತ್ತವರ ಊಟ, ಊರು, ಅಂತಸ್ತು ಗೊತ್ತಾಗುತ್ತವೆ ಎಂಬುದು ಆ ಭರವಸೆ. ಅದರಲ್ಲಿ ಸತ್ಯವಿದೆ. ಆದರೆ ನಮ್ಮ ಕರಾವಳಿಗೆ ಅದನ್ನು ತರುವಾಗ ಒಂದು ಮಾತನ್ನು ಮೊದಲೇ ಗಟ್ಟಿಯಾಗಿ ಹೇಳಬೇಕಾಗಿದೆ: ಇಲ್ಲಿನ ಮೂಳೆ ಹೇಳಬಲ್ಲದ್ದು ಅದರೊಳಗಿನ ಸುಣ್ಣ ಎಲ್ಲಿಂದ ಬಂತು ಎಂಬುದನ್ನು, ಯಾರು ಎಷ್ಟು ಮಾಂಸ ತಿಂದರು ಎಂಬುದನ್ನು ಅದು ಹೇಳಲಾರದು.

ಮೂಳೆಯ ಗಟ್ಟಿ ಭಾಗ ಕ್ಯಾಲ್ಸಿಯಂ ಮತ್ತು ರಂಜಕ ಕೂಡಿದ ಖನಿಜ. ಸ್ಟ್ರಾನ್ಷಿಯಂ ಗುಣದಲ್ಲಿ ಕ್ಯಾಲ್ಸಿಯಮ್ಮಿನ ದಾಯಾದಿ. ಅನ್ನ ನೀರಿನ ಜೊತೆ ಒಳಗೆ ಹೋಗಿ ಮೂಳೆಯಲ್ಲಿ ಕ್ಯಾಲ್ಸಿಯಂ ಕೂರಬೇಕಾದ ಜಾಗದಲ್ಲಿ ಕೂರುತ್ತದೆ. ಆದರೆ ಪ್ರಾಣಿಯ ದೇಹ ಎರಡನ್ನೂ ಸಮನಾಗಿ ಕಾಣುವುದಿಲ್ಲ. ಕರುಳಿನಲ್ಲೂ ಮೂತ್ರಪಿಂಡದಲ್ಲೂ ಕ್ಯಾಲ್ಸಿಯಮ್ಮನ್ನು ಉಳಿಸಿಕೊಂಡು ಸ್ಟ್ರಾನ್ಷಿಯಮ್ಮನ್ನು ಹೊರಹಾಕುತ್ತದೆ. ಹೀಗಾಗಿ ಕ್ಯಾಲ್ಸಿಯಮ್ಮಿಗೆ ಹೋಲಿಸಿ ನೋಡಿದರೆ ಸೊಪ್ಪಿನಲ್ಲಿದ್ದಷ್ಟು ಸ್ಟ್ರಾನ್ಷಿಯಂ ಅದನ್ನು ಮೇಯ್ದ ಜಿಂಕೆಯ ಮೂಳೆಯಲ್ಲಿ ಇರುವುದಿಲ್ಲ, ಜಿಂಕೆಯಲ್ಲಿದ್ದಷ್ಟು ಅದನ್ನು ತಿಂದ ಹುಲಿಯಲ್ಲಿ ಇರುವುದಿಲ್ಲ. 1950ರ ದಶಕದಲ್ಲಿ ಅಣುಬಾಂಬ್ ಪರೀಕ್ಷೆಗಳ ಧೂಳಿನಲ್ಲಿದ್ದ ವಿಕಿರಣಶೀಲ ಸ್ಟ್ರಾನ್ಷಿಯಂ ಹುಲ್ಲಿಗೆ ಬಿದ್ದು, ಹಾಲಿನ ಮೂಲಕ ಮಕ್ಕಳ ಹಲ್ಲಿಗೆ ಸೇರುತ್ತಿದೆ ಎಂಬ ಭಯ ಹುಟ್ಟಿದಾಗ ಈ ವ್ಯವಹಾರವನ್ನು ವಿಜ್ಞಾನಿಗಳು ಆಳವಾಗಿ ಅಭ್ಯಾಸ ಮಾಡಿದರು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರಲ್ಲಿ ಶುರುವಾದ ಹಾಲುಹಲ್ಲಿನ ಸಮೀಕ್ಷೆಗೆ ಸುಮಾರು ಮೂರು ಲಕ್ಷ ಹಲ್ಲುಗಳು ಬಂದು ಸೇರಿದವು. ಆ ಭಯದಿಂದ ಹುಟ್ಟಿದ ತಿಳಿವಳಿಕೆ ಮುಂದೆ ಪುರಾತತ್ತ್ವಕ್ಕೆ ಒದಗಿತು. 1965ರಲ್ಲಿ ಟೂಟ್ಸ್ ಮತ್ತು ವೂರೀಸ್ ಎಂಬ ಇಬ್ಬರು ಪಳೆಯುಳಿಕೆ ಪ್ರಾಣಿಗಳ ಮೂಳೆಯಲ್ಲಿ ಸ್ಟ್ರಾನ್ಷಿಯಂ ಅಳೆದು ಅವುಗಳ ಮೇವನ್ನು ಊಹಿಸಿದರು. 1979ರಲ್ಲಿ ಮಾರ್ಗರೆಟ್ ಶೋನಿಂಗರ್ ಮೆಕ್ಸಿಕೋದ ಚಾಲ್ಕಟ್ಸಿಂಗೊ ಎಂಬಲ್ಲಿನ ಸಮಾಧಿಗಳನ್ನು ನೋಡಿ, ಪಚ್ಚೆಯಂಥ ಬೆಲೆಯುಳ್ಳ ಜೇಡ್ ಕಲ್ಲಿನೊಡನೆ ಹೂಳಲ್ಪಟ್ಟವರ ಮೂಳೆಯಲ್ಲಿ ಸ್ಟ್ರಾನ್ಷಿಯಂ ಕಡಿಮೆ ಎಂದು ತೋರಿಸಿದರು. ದೊಡ್ಡವರಿಗೆ ಮಾಂಸ, ಸಣ್ಣವರಿಗೆ ಕಾಳು ಎಂಬ ಅರ್ಥ ಅದರಿಂದ ಹೊರಟಿತು. ಸ್ಟ್ರಾನ್ಷಿಯಂ ಕಡಿಮೆಯಾದಷ್ಟೂ ಮಾಂಸ ಹೆಚ್ಚು ಎಂಬ ಏಣಿ ಆಮೇಲೆ ಎಷ್ಟೋ ಕಡೆಗೆ ಹೋಯಿತು.

ಭಾರತದಲ್ಲಿ ಈ ಬಗೆಯ ಕೆಲಸದ ಹೆಸರಾಂತ ಉದಾಹರಣೆ ಪುಣೆ ಜಿಲ್ಲೆಯ ಇನಾಮಗಾಂವ್. ಘೋಡ್ ನದಿಯ ದಂಡೆಯ ಈ ತಾಮ್ರ–ಶಿಲಾಯುಗದ ಹಳ್ಳಿಯನ್ನು 1968ರಿಂದ 1983ರವರೆಗೆ ಡೆಕ್ಕನ್ ಕಾಲೇಜಿನವರು ಅಗೆದರು. ಮನೆಯ ನೆಲದಡಿಯಲ್ಲೇ ಸತ್ತವರನ್ನು ಹೂಳುವುದು ಅಲ್ಲಿನ ರೂಢಿ. ಎಳೆಯ ಮಕ್ಕಳನ್ನು ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಅವುಗಳೊಳಗೆ ಇಡುತ್ತಿದ್ದರು. 1988ರಲ್ಲಿ ಧವಳೀಕರ್, ಸಾಂಕಳಿಯಾ, ಅನ್ಸಾರಿ ಅವರು ಹೊರತಂದ ವರದಿಯಲ್ಲಿ ಆ ಮೂಳೆಗಳ ಲೋಹಾಂಶವನ್ನು ಪರೀಕ್ಷಿಸಿದ ಗೋಗಟೆ ಮತ್ತು ಕ್ಷೀರಸಾಗರ್ ಅವರ ಅಧ್ಯಾಯವೂ ಇದೆ. ಅದೇ ಕಾಲೇಜಿನಲ್ಲಿ ಪಳಗಿದ ನಮ್ಮ ಎಂ. ಎಸ್. ನಾಗರಾಜರಾವ್ 1963–64ರಲ್ಲಿ ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ನವಶಿಲಾಯುಗದ ಸಮಾಧಿಗಳನ್ನು ಅಗೆದಾಗ, ಅಸ್ಥಿಗಳ ಅಧ್ಯಯನಕ್ಕೆಂದು ಮಾನವಶಾಸ್ತ್ರಜ್ಞ ಕೆ. ಸಿ. ಮಲ್ಹೋತ್ರಾ ಅವರನ್ನು ಜೊತೆಗೆ ಕೂಡಿಸಿಕೊಂಡಿದ್ದರು. ಮೂಳೆಗೆ ಮಡಕೆಯಷ್ಟೇ ಬೆಲೆ ಕೊಟ್ಟ ಆ ಪರಂಪರೆ ದೊಡ್ಡದು. ಆದರೆ ಈ ಊರುಗಳೆಲ್ಲ ಬಯಲುಸೀಮೆಯವು; ಮಳೆ ಕಡಿಮೆ, ಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳು ಹೆಚ್ಚು. ಅಂಥ ಮಣ್ಣು ಮೂಳೆಯನ್ನು ಕಾಯುತ್ತದೆ. ಘಟ್ಟ ಇಳಿದರೆ ಈ ಯಾವುದೂ ಹಾಗಿಲ್ಲ.

ಮಣ್ಣಿನ ಮಾತಿಗೆ ಮೊದಲು ಏಣಿಯ ಮಾತನ್ನೇ ನೋಡೋಣ. 1995ರಲ್ಲಿ ಜೇಮ್ಸ್ ಬರ್ಟನ್ ಮತ್ತು ಲೋರಿ ರೈಟ್ ಅದರ ಮೆಟ್ಟಿಲು ಎಲ್ಲಿ ಮುರಿದಿದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದರು. ಮೂಳೆಯಲ್ಲಿ ಸ್ಟ್ರಾನ್ಷಿಯಮ್ಮಿಗೂ ಕ್ಯಾಲ್ಸಿಯಮ್ಮಿಗೂ ಇರುವ ಪ್ರಮಾಣ, ಊಟದಲ್ಲಿ ಯಾವ ಪದಾರ್ಥ ಹೆಚ್ಚು ಕ್ಯಾಲ್ಸಿಯಂ ತರುತ್ತದೋ ಅದರ ಕಡೆಗೆ ವಾಲುತ್ತದೆ. ನೂರು ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ ಇರುವುದು 10 ಮಿಲಿಗ್ರಾಂ ಆಸುಪಾಸು; ಕೋಳಿ ಮಾಂಸದಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದೇ ತೂಕದ ಹಾಲಿನಲ್ಲಿ 120 ಮಿಲಿಗ್ರಾಂ, ರಾಗಿಯಲ್ಲಿ 340ರ ಸುತ್ತಮುತ್ತ. ದಿನವೂ ಕೋಳಿ ತಿಂದವನ ಮೂಳೆಯ ಮೇಲೂ ಆ ಕೋಳಿಯ ಗುರುತು ಬೀಳುವುದಿಲ್ಲ. ಜೊತೆಗೆ ಕುಡಿದ ಮಜ್ಜಿಗೆಯ ಗುರುತು ಬೀಳುತ್ತದೆ. ಹಾಲಿನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಹಸುವಿನ ದೇಹ ಸ್ಟ್ರಾನ್ಷಿಯಮ್ಮನ್ನು ಎಷ್ಟು ಸೋಸುತ್ತದೆಂದರೆ ಮೇವಿನಲ್ಲಿದ್ದ ಪ್ರಮಾಣದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಹಾಲಿಗೆ ಇಳಿಯುತ್ತದೆ. ಹಾಲು, ಮೊಸರು, ಮಜ್ಜಿಗೆಯಲ್ಲಿ ಬೆಳೆದ ಶುದ್ಧ ಸಸ್ಯಾಹಾರಿಯ ಮೂಳೆ ಹಳೆಯ ಏಣಿಯ ಪ್ರಕಾರ ಮಾಂಸಾಹಾರಿಯ ಮೆಟ್ಟಿಲ ಮೇಲೆ ನಿಲ್ಲುತ್ತದೆ. ಊಟದ ಮೇಲೆ ಜಾತಿಯನ್ನೂ, ಜಾತಿಯ ಮೇಲೆ ಮೇಲು ಕೀಳನ್ನೂ ಕಟ್ಟಿದ ದೇಶದಲ್ಲಿ ಇದು ಸಣ್ಣ ತಪ್ಪಾಗಿ ಉಳಿಯುವುದಿಲ್ಲ. ಯಾವುದೋ ಸಮಾಧಿಯ ನಾಲ್ಕು ಮೂಳೆಯ ಅಂಕಿ ಹಿಡಿದು ಇಂಥವರು ಮಾಂಸ ತಿಂದವರು, ಇಂಥವರು ತಿನ್ನದವರು ಎಂದು ಸಾರುವವರು ನಾಳೆ ಬಂದೇ ಬರುತ್ತಾರೆ. ಆ ಅಂಕಿಗೆ ಆ ಅರ್ಥವಿಲ್ಲ ಎಂಬುದನ್ನು ಈಗಲೇ ತಿಳಿದಿರಬೇಕು.

ಕರಾವಳಿಯ ಹಳೆಯ ಊಟ ಹೇಗಿತ್ತು ಎಂಬುದಕ್ಕೆ ಅಪರೂಪದ ಒಂದು ಸಾಕ್ಷಿ ಇದೇ ಜಿಲ್ಲೆಯ ಹೊನ್ನಾವರದ್ದು. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಅಲ್ಲಿನ ಸುಲ್ತಾನ ಜಮಾಲುದ್ದೀನನ ಪಂಕ್ತಿಯಲ್ಲಿ ಉಂಡದ್ದನ್ನು ಬರೆದಿದ್ದಾನೆ: ಅನ್ನ, ತುಪ್ಪ, ಕಾಳುಮೆಣಸು ಶುಂಠಿ ನಿಂಬೆ ಮಾವಿನ ಉಪ್ಪಿನಕಾಯಿಗಳು, ಕೋಳಿ, ಮೀನು, ತುಪ್ಪ ಹಾಲಿನಲ್ಲಿ ಬೇಯಿಸಿದ ಸೊಪ್ಪು, ಕೊನೆಗೆ ಮೊಸರು. ಇದನ್ನು ಮೇಲಿನ ಲೆಕ್ಕದಲ್ಲಿ ಇಟ್ಟು ನೋಡಿದರೆ ಕೋಳಿಯೂ ಅನ್ನವೂ ಲೆಕ್ಕಕ್ಕೇ ಬರುವುದಿಲ್ಲ. ಮೂಳೆಯನ್ನು ಕಟ್ಟಿದ್ದು ಮೊಸರು. ಇದು ಅರಮನೆಯ ಊಟ. ದೇವಬಾಗದಂಥ ಮರಳದಂಡೆಯ ಮನೆಯಲ್ಲಿ ಮೊಸರಿನ ಜಾಗದಲ್ಲಿ ಏನಿತ್ತು? ಗಂಜಿಯ ಜೊತೆಗೆ ಮುಳ್ಳುಸಮೇತ ಅಗಿದು ತಿನ್ನುವ ಸಣ್ಣ ಮೀನು, ಒಣಗಿಸಿದ ತಾರ್ಲೆ, ಸಿಪ್ಪೆ ಬಿಡಿಸದೆ ಚಟ್ನಿಗೆ ಹಾಕುವ ಒಣಶೆಟ್ಲಿ, ಅಂದರೆ ಒಣಸಿಗಡಿ. ದೊಡ್ಡ ಮೀನಿನ ತಿರುಳಿನಿಂದ ಬರುವ ಕ್ಯಾಲ್ಸಿಯಂ ಅಲ್ಪ. ಸಣ್ಣ ಮೀನಿನ ಮುಳ್ಳಿನಿಂದ ಬರುವುದು ಬಹಳ. ಅದಕ್ಕಿಂತ ಮುಖ್ಯವಾದದ್ದು ಎಲೆಯಡಿಕೆ. ಉತ್ತರ ಕನ್ನಡದ ಅಡಿಕೆಗೆ ಕರಾವಳಿಯ ಸುಣ್ಣ ಜೊತೆ. ಆ ಸುಣ್ಣ ಬಳಚು, ಕಲ್ವಗಳ ಚಿಪ್ಪನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿದ್ದು. ಚಿಪ್ಪು ಸಮುದ್ರದ ನೀರಿನಿಂದ ತನ್ನ ಕ್ಯಾಲ್ಸಿಯಮ್ಮನ್ನು ಎತ್ತಿಕೊಳ್ಳುವಾಗ ಅದರ ಸ್ಟ್ರಾನ್ಷಿಯಮ್ಮನ್ನೂ ಎತ್ತಿಕೊಳ್ಳುತ್ತದೆ. ಹದಿನೈದನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಈ ವೀಳ್ಯದ ಮೋಹವನ್ನು ಕಂಡು ಬೆರಗಾಗಿದ್ದ. ಬೆರಳ ತುದಿಯಲ್ಲಿ ಎಲೆಗೆ ಸವರುವ ಸುಣ್ಣ ಒಂದು ಸಲಕ್ಕೆ ಅತ್ಯಲ್ಪ. ದಿನಕ್ಕೆ ಹಲವು ಸಲ, ನಲವತ್ತು ಐವತ್ತು ವರ್ಷ ಸವರಿದರೆ, ಅಕ್ಕಿಯಲ್ಲಿ ಕ್ಯಾಲ್ಸಿಯಂ ಅಷ್ಟು ಕಡಿಮೆ ಇರುವ ಊಟದಲ್ಲಿ ಅದೇ ದೊಡ್ಡ ಪಾಲಾಗುತ್ತದೆ. ಹಾಗಾಗಿ ಮೀನನ್ನೇ ಮುಟ್ಟದ ಎಲೆಯಡಿಕೆಯವನ ಮೂಳೆಯಲ್ಲೂ ಸಮುದ್ರ ಇರುತ್ತದೆ.

ಇದಕ್ಕೆ ಬೇರಿಯಂ ಪರಿಹಾರ ಎಂದು ಬಲ್ಲವರು ಹೇಳಬಹುದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸ್ಟ್ರಾನ್ಷಿಯಂ 8 ಮಿಲಿಗ್ರಾಂ ಇದ್ದರೆ ಬೇರಿಯಂ ಅದರ ಸಾವಿರದ ಕೆಲವು ಪಾಲು ಮಾತ್ರ. ಅಲ್ಲಿನ ಸಲ್ಫೇಟಿಗೆ ಅಂಟಿ ಅದು ತಳಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ಮೂಳೆಯಲ್ಲಿ ಬೇರಿಯಂ ತೀರ ಕಡಿಮೆಯಿದ್ದರೆ ಅದು ಸಮುದ್ರದ ಆಹಾರ ಉಂಡವರದು ಎಂದು ಬರ್ಟನ್ ಮತ್ತು ಡಗ್ಲಾಸ್ ಪ್ರೈಸ್ 1990ರಲ್ಲಿ ತೋರಿಸಿದರು. ವಾದ ಸರಿ, ಸಾಧನವೂ ಒಳ್ಳೆಯದು. ಆದರೆ ಚಿಪ್ಪಿನ ಸುಣ್ಣವೂ ಸಮುದ್ರದ್ದೇ. ಮೀನಿನ ಮುಳ್ಳಿನಿಂದ ಬಂದ ಸಮುದ್ರ ಯಾವುದು, ವೀಳ್ಯದಿಂದ ಬಂದ ಸಮುದ್ರ ಯಾವುದು ಎಂದು ಬೇರಿಯಂ ಬೇರೆ ಮಾಡಿಕೊಡುವುದಿಲ್ಲ. ಇನ್ನು ಉಪ್ಪು. ಮಧ್ಯ ಅಮೆರಿಕದ ಮಾಯಾ ನಗರ ಟಿಕಾಲ್ ಸಮುದ್ರದಿಂದ ದೂರ, ಸುಣ್ಣಕಲ್ಲಿನ ನೆಲದ ಮೇಲಿದೆ. ಅಲ್ಲಿನವರ ಹಲ್ಲಿನ ಸ್ಟ್ರಾನ್ಷಿಯಂ ಐಸೋಟೋಪುಗಳ ಅನುಪಾತ ನೆಲದ ಅನುಪಾತಕ್ಕಿಂತ ಮೇಲಕ್ಕೆ ಸರಿದಿದ್ದಕ್ಕೆ ತೀರದಿಂದ ತರಿಸಿದ ಉಪ್ಪು ಕಾರಣವಿರಬೇಕೆಂದು ಲೋರಿ ರೈಟ್ 2005ರಲ್ಲಿ ವಾದಿಸಿದರು. ನಮ್ಮ ತೀರದ ಸಾಣಿಕಟ್ಟೆಯ ಗದ್ದೆಗಳ ಉಪ್ಪು, 1930ರ ಏಪ್ರಿಲಿನಲ್ಲಿ ಸತ್ಯಾಗ್ರಹ ನಡೆದ ಅಂಕೋಲೆಯ ನೆಲದ ಉಪ್ಪು ಘಟ್ಟದ ಮೇಲಕ್ಕೂ ಹೋಗಬೇಕಾದ ಸರಕು. ಘಟ್ಟದ ಮೇಲಿನವರ ಮೂಳೆಯಲ್ಲೂ ಹೀಗೆ ಸಮುದ್ರದ ಒಂದು ಎಳೆ ಇರುತ್ತದೆ ಎಂಬುದನ್ನು ಮುಂದೆ ಯಾರಾದರೂ ಅಳೆಯುವಾಗ ಮರೆಯಕೂಡದು.

ಈಗ ಮಣ್ಣು. ಕಾರವಾರಕ್ಕೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಜಂಬಿಟ್ಟಿಗೆಯ ಕೆಂಪು ನೆಲ ಹುಳಿ; ಸುಣ್ಣವನ್ನು ಕರಗಿಸುವ ಆ ನೆಲದಲ್ಲಿ ಮೂಳೆ ಬಹುಕಾಲ ಬಾಳುವುದಿಲ್ಲ. ಬಾಳಿದರೂ ಸುಮ್ಮನೆ ಇರುವುದಿಲ್ಲ. ನೀರಿನ ಜೊತೆ ತನ್ನ ಕ್ಯಾಲ್ಸಿಯಮ್ಮನ್ನು ಬಿಟ್ಟುಕೊಟ್ಟು ನೆಲದ ಲೋಹಗಳನ್ನು ಹೀರುತ್ತದೆ. ಕಾಳಿಯ ಕಣಿವೆಯ ಮೇಲ್ಭಾಗ, ಜೋಯಿಡಾ ದಾಂಡೇಲಿಯ ಕಡೆ, ಮ್ಯಾಂಗನೀಸ್ ಅದಿರಿಗೆ ಹೆಸರಾದದ್ದು. ಕಬ್ಬಿಣವಂತೂ ಇಡೀ ನೆಲದ ಬಣ್ಣದಲ್ಲೇ ಇದೆ. 184 ಕಿಲೋಮೀಟರ್ ಹರಿದು ಬರುವ ನದಿ ಇವೆರಡನ್ನೂ ಹೊತ್ತು ತರುತ್ತದೆ. ಇಲ್ಲಿ ಸಿಕ್ಕ ಮೂಳೆಯಲ್ಲಿ ಮ್ಯಾಂಗನೀಸ್, ಕಬ್ಬಿಣ ಹೆಚ್ಚಿದ್ದರೆ ಅದು ಸತ್ತವನ ಆಹಾರದ ಸುದ್ದಿ ಆಗಿರುವುದಕ್ಕಿಂತ ಗೋರಿಯ ಸುದ್ದಿಯೇ ಆಗಿರುವುದು ಸಂಭವ. ಪ್ರಯೋಗಾಲಯದಲ್ಲಿ ಇದನ್ನು ಬಿಡಿಸುವ ಕೆಲಸ ತಾಳ್ಮೆಯದು. ಮೂಳೆಯ ಹೊರಮೈಯನ್ನು ದಂತವೈದ್ಯರ ಸಣ್ಣ ಡ್ರಿಲ್ಲಿನಿಂದ ಕೆರೆದು ತೆಗೆಯುತ್ತಾರೆ, ಏಕೆಂದರೆ ಮಣ್ಣು ಮೊದಲು ತಾಕುವುದು ಅಲ್ಲಿಗೆ. ಒಳಗಿನ ಗಟ್ಟಿ ಭಾಗವನ್ನು ಪುಡಿ ಮಾಡಿ, ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನೇ ತೆಳ್ಳಗೆ ಮಾಡಿಕೊಂಡು ಮತ್ತೆ ಮತ್ತೆ ತೊಳೆಯುತ್ತಾರೆ. ಮಣ್ಣಿನಿಂದ ಆಮೇಲೆ ಅಂಟಿದ ಲವಣ ಬೇಗ ಕರಗುತ್ತದೆ, ಬದುಕಿದ್ದಾಗ ಕೂಡಿದ್ದು ತಡವಾಗಿ ಕರಗುತ್ತದೆ ಎಂಬ ನಂಬಿಕೆಯ ಮೇಲೆ ಈ ತೊಳೆಯುವಿಕೆ ನಿಂತಿದೆ. ಕೊನೆಗೆ ಉಳಿದ ಚಿಟಿಕೆ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಪೂರ್ತಿ ಕರಗಿಸಿ ಯಂತ್ರಕ್ಕೆ ಕೊಡುತ್ತಾರೆ. ಯಂತ್ರ ಕೋಟಿಯಲ್ಲಿ ಒಂದು ಪಾಲನ್ನೂ ಎಣಿಸಬಲ್ಲದು. ಆ ಒಂದು ಪಾಲು ಊಟದ್ದೋ ಮಣ್ಣಿನದ್ದೋ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಇದ್ದುದರಲ್ಲಿ ನಂಬಬಹುದಾದದ್ದು ಹಲ್ಲಿನ ಹೊರಪದರ. ಅದು ಮೂಳೆಗಿಂತ ಬಹಳ ಗಟ್ಟಿ, ಬಾಲ್ಯದಲ್ಲಿ ಒಮ್ಮೆ ರೂಪುಗೊಂಡರೆ ಮತ್ತೆ ಬದಲಾಗದು.

ಇಲ್ಲಿ ಇನ್ನೊಂದು ಆಕ್ಷೇಪಕ್ಕೆ ಉತ್ತರಿಸಬೇಕು. ಈ ನಾಡಿನಲ್ಲಿ ಬಹಳಷ್ಟು ಜನ ಸತ್ತವರನ್ನು ಸುಡುತ್ತಾರೆ, ಅಸ್ಥಿಯನ್ನು ಗೋಕರ್ಣದಲ್ಲೋ ಹೊಳೆಯಲ್ಲೋ ಬಿಡುತ್ತಾರೆ. ಹಾಗಿರುವಾಗ ಓದಲು ಉಳಿದದ್ದೇನು ಎಂಬುದು ಆ ಆಕ್ಷೇಪ. ನೀರಿಗೆ ಬಿಟ್ಟದ್ದು ಹೋಯಿತು, ನಿಜ. ಆದರೆ ಸುಟ್ಟ ಮೂಳೆ ಕೆಲಸಕ್ಕೆ ಬಾರದು ಎಂಬ ಹಳೆಯ ಎಣಿಕೆ ತಪ್ಪೆಂದು ಈಗ ಗೊತ್ತಾಗಿದೆ. ಬೆಳ್ಳಗಾಗುವಷ್ಟು ಸುಟ್ಟ ಮೂಳೆಯ ಖನಿಜ ಹರಳುಗಟ್ಟಿ ಬಿಗಿಯಾಗುತ್ತದೆ, ಮಣ್ಣಿನ ಸ್ಟ್ರಾನ್ಷಿಯಂ ಅದರೊಳಗೆ ಸುಲಭವಾಗಿ ನುಗ್ಗದು. ಕ್ರಿಸ್ತೋಫ್ ಸ್ನೂಕ್ ಮತ್ತವರ ಜೊತೆಗಾರರು ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಲ್ಲಿ ಸಿಕ್ಕ ಸುಟ್ಟ ಅಸ್ಥಿಗಳಲ್ಲಿ 25 ಮಂದಿಯದನ್ನು ಪರೀಕ್ಷಿಸಿ, ಅವರಲ್ಲಿ 10 ಮಂದಿಯಾದರೂ ಆ ಸೀಮೆಯಲ್ಲಿ ಬಾಳಿದವರಲ್ಲ ಎಂದು 2018ರಲ್ಲಿ ಪ್ರಕಟಿಸಿದರು. ಅವರು ಅಳೆದದ್ದು ಸ್ಟ್ರಾನ್ಷಿಯಮ್ಮಿನ ಪ್ರಮಾಣವನ್ನಲ್ಲ, ಅದರ ಎರಡು ಐಸೋಟೋಪುಗಳ ಅನುಪಾತವನ್ನು. ನಮ್ಮ ಕರಾವಳಿಗೆ ನಿಜವಾಗಿ ದಕ್ಕುವ ದಾರಿ ಇದೇ. ಆ ಅನುಪಾತ ಕಲ್ಲಿನಿಂದ ಕಲ್ಲಿಗೆ ಬೇರೆ: ದಖನ್ನಿನ ಕಪ್ಪು ಬಸಾಲ್ಟಿನಲ್ಲಿ ಅದು ಬಹುಮಟ್ಟಿಗೆ 0.705ರಿಂದ 0.707ರ ನಡುವೆ, ಕರ್ನಾಟಕದ ಹಳೆಯ ನೈಸ್, ಗ್ರಾನೈಟ್ ಶಿಲೆಗಳಲ್ಲಿ 0.71ನ್ನು ದಾಟಿ ಮೇಲೆ ಹೋಗುತ್ತದೆ. ಇಡೀ ಸಮುದ್ರದಲ್ಲಿ ಒಂದೇ, 0.7092. ಏನು ತಿಂದರು ಎಂಬ ಪ್ರಶ್ನೆಗೆ ತಡವರಿಸುವ ಮೂಳೆ, ಯಾವ ನೆಲದಲ್ಲಿ ಬೆಳೆದರು ಎಂಬ ಪ್ರಶ್ನೆಗೆ ಇದರಿಂದ ಸುಮಾರು ನೇರವಾಗಿ ಉತ್ತರಿಸುತ್ತದೆ. ಸುಣ್ಣ, ಉಪ್ಪು, ಮೀನುಮುಳ್ಳು ಎಲ್ಲವೂ ತೀರದವರನ್ನು 0.7092ರ ಕಡೆಗೆ ಎಳೆಯುತ್ತವೆ. ಊಟವನ್ನು ಓದಲು ಅಡ್ಡಿಯಾದ ಇದೇ ಎಳೆತ, ಘಟ್ಟದ ಮೇಲೆ ಹುಟ್ಟಿ ತೀರದಲ್ಲಿ ಸತ್ತವನನ್ನು ಗುರುತಿಸಲು ನೆರವಾಗುತ್ತದೆ; ಅವನ ಬಾಲ್ಯದ ಹಲ್ಲು ಒಂದು ಅಂಕಿ ಹೇಳಿದರೆ ಮುಪ್ಪಿನ ಮೂಳೆ ಸಮುದ್ರದ ಕಡೆಗೆ ಸರಿದಿರುತ್ತದೆ. ಮೆಣಸಿನ ದಾರಿ, ಉಪ್ಪಿನ ದಾರಿ ಹಿಡಿದು ಯಾರು ಇಳಿದರು, ಯಾರು ಹತ್ತಿದರು ಎಂಬುದು ಈ ತೀರದ ಚರಿತ್ರೆಯಲ್ಲಿ ಮಾಂಸದ ಪ್ರಶ್ನೆಗಿಂತ ದೊಡ್ಡ ಪ್ರಶ್ನೆ.

ಆದರೂ ಇಲ್ಲಿನ ಮಣ್ಣು ಎಷ್ಟು ಕೆಡಿಸುತ್ತದೆ ಎಂಬುದನ್ನು ಊಹೆಗೆ ಬಿಡಲಾಗದು. ಅದನ್ನು ಅಳೆಯಲು ಬೇಕಾದದ್ದು ಎಲ್ಲಿಂದ ಬಂದರು, ಯಾವಾಗ ಸತ್ತರು ಎಂದು ದಾಖಲೆಯಿಂದಲೇ ತಿಳಿದಿರುವವರ ಅಸ್ಥಿ. ಕಾರವಾರದ ಎದುರಿಗೆ ಕಾಣುವ ಅಂಜದೀವ ಅಂಥ ಒಂದು ಸ್ಥಳ. ಮುಂಬೈಯನ್ನು ವಹಿಸಿಕೊಳ್ಳಲು 1662ರಲ್ಲಿ ಇಂಗ್ಲೆಂಡಿನಿಂದ ಹೊರಟ ಸರ್ ಅಬ್ರಹಾಂ ಶಿಪ್ಮನ್‌ನ ದಂಡು, ಪೋರ್ಚುಗೀಸರು ಊರು ಬಿಟ್ಟುಕೊಡದೆ ಹೋದಾಗ, ಈ ದ್ವೀಪದಲ್ಲಿ ಇಳಿದು ಕಾಯಬೇಕಾಯಿತು. ಸುಮಾರು 400 ಸೈನಿಕರಲ್ಲಿ ಬಹುಪಾಲು ಮಂದಿ ರೋಗದಿಂದ ಅಲ್ಲೇ ಸತ್ತರು. 1664ರ ಏಪ್ರಿಲಿನಲ್ಲಿ ಶಿಪ್ಮನ್ನನೂ ಸತ್ತ. 1665ರಲ್ಲಿ ಹಂಫ್ರಿ ಕುಕ್ ಮುಂಬೈ ವಹಿಸಿಕೊಂಡಾಗ ಉಳಿದವರು ನೂರರ ಆಸುಪಾಸು. ವಯಸ್ಕರ ಗಟ್ಟಿ ಮೂಳೆ ಎರಡು ವರ್ಷದಲ್ಲಿ ಹೆಚ್ಚು ಬದಲಾಗುವುದಿಲ್ಲ. ಅವರ ಮೂಳೆಯಲ್ಲಿದ್ದ ಸ್ಟ್ರಾನ್ಷಿಯಂ ಇಂಗ್ಲೆಂಡಿನ ನೆಲದ್ದು; ಸೀಸವೂ ಅಲ್ಲಿನ ಸೀಸ ಬೆರೆತ ಪಾತ್ರೆ, ಸೀಸದ ಮೆರುಗಿನ ಮಡಕೆಗಳಿಂದ ಬಂದದ್ದು. ಅಂಥವರ ಒಂದು ಹಲ್ಲೂ ಒಂದು ಮೂಳೆಯೂ ಗೌರವದಿಂದ ಪರೀಕ್ಷೆಗೆ ಒದಗಿದರೆ, ಹಲ್ಲಿನ ಅಂಕಿಯಿಂದ ಮೂಳೆಯ ಅಂಕಿ ಸರಿದಷ್ಟೂ ಅದು ಮೂರೂವರೆ ಶತಮಾನದಲ್ಲಿ ಈ ಮಳೆ, ಈ ಮಣ್ಣು ಮಾಡಿದ ಕೆಲಸ ಎಂದು ಅಂದಾಜು ಮಾಡಬಹುದು; ಬಾಲ್ಯದ ನಂತರ ಇಂಗ್ಲೆಂಡಿನೊಳಗೇ ಊರು ಬದಲಿಸಿದ್ದರ ಪಾಲೂ ಅದರಲ್ಲಿ ಇರಬಹುದು. ಆಮೇಲೆ ಇಲ್ಲಿ ಸಿಗುವ ಹಳೆಯ ಮೂಳೆಗಳಿಗೆ ಅದು ಒಂದು ಅಳತೆಗೋಲಾಗುತ್ತದೆ. ದ್ವೀಪ ಆಡಳಿತಕ್ಕೆ ಗೋವಾದ್ದು, ಈಗ ನೌಕಾಪಡೆಯ ವಶದಲ್ಲಿದೆ. ಅನುಮತಿ ಸುಲಭದ ಮಾತಲ್ಲ. ಆದರೆ ಇಂಥ ತಿಳಿದ ಮೂಳೆಯ ಅಳತೆ ಕೈಯಲ್ಲಿಲ್ಲದೆ ತಿಳಿಯದ ಮೂಳೆಯ ಬಗ್ಗೆ ಹೇಳುವ ಮಾತಿಗೆ ಬಲ ಬರುವುದಿಲ್ಲ.

ಅನುಮತಿಗಾಗಿ ಕಾಯುತ್ತ ಕೂರಬೇಕಾಗಿಲ್ಲದ ಕೆಲಸ ಒಂದಿದೆ. ಕಾಳಿ ಮತ್ತು ಗಂಗಾವಳಿ ಕಣಿವೆಗಳಲ್ಲಿ, ಘಟ್ಟದ ನೆತ್ತಿಯಿಂದ ದೇವಬಾಗದ ಮರಳಿನವರೆಗೆ, ಊರೂರಿನ ಬಾವಿನೀರು, ಭತ್ತ, ಹುಲ್ಲು, ಹಾಲು, ಬಸವನಹುಳದ ಚಿಪ್ಪು, ಬಳಚು, ಗೂಡಿನ ಸುಣ್ಣ, ಗದ್ದೆಯ ಉಪ್ಪು ಇವುಗಳನ್ನು ಸಂಗ್ರಹಿಸಿ ಸ್ಟ್ರಾನ್ಷಿಯಂ, ಬೇರಿಯಂ, ಸೀಸದ ನಕ್ಷೆ ಮಾಡುವುದು. ಇದೇ ಕಾಳಿಯ ದಂಡೆಯ ಕೈಗಾದಲ್ಲಿ 2000ದಿಂದ ಅಣುವಿದ್ಯುತ್ ತಯಾರಾಗುತ್ತಿದೆ. ಅಲ್ಲಿನ ಪರಿಸರ ಸಮೀಕ್ಷಾ ಪ್ರಯೋಗಾಲಯ ಸುತ್ತಲಿನ ನೀರು, ಹಾಲು, ಮೀನು, ಧಾನ್ಯಗಳ ಮಾದರಿ ತಂದು ವಿಕಿರಣದ ಅಂಶ ನೋಡುತ್ತದೆ. ಮಾದರಿ ತರುವ ಕ್ರಮ, ತರಬಲ್ಲ ಜನ ಈ ಕಣಿವೆಗೆ ಹೊಸದಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲೇ ಇದೆ. ಚಿಪ್ಪಿನ ಸುಣ್ಣದ ಗೂಡುಗಳು ಆರುತ್ತಿವೆ, ಪೊಟ್ಟಣದ ಉಪ್ಪು ಎಲ್ಲ ಮನೆಗೂ ಬಂದಿದೆ; ಹಳೆಯ ಊಟದ ಸಾಮಗ್ರಿ ಇನ್ನೂ ಕೈಗೆ ಸಿಗುವಾಗಲೇ ಅದನ್ನು ಅಳೆದಿಡಬೇಕು. ಮನೆಯ ಅಡಿಪಾಯಕ್ಕೋ ರಸ್ತೆಗೋ ನೆಲ ಅಗೆಯುವಾಗ ಮೂಳೆ ಕಂಡರೆ ಮಾಡಬೇಕಾದದ್ದೂ ಇಷ್ಟೇ: ಅಗೆತ ನಿಲ್ಲಿಸಿ, ಅದನ್ನು ತೊಳೆಯದೆ, ಸುತ್ತಲಿನ ಮಣ್ಣನ್ನು ಎಸೆಯದೆ, ತಹಶೀಲ್ದಾರರ ಕಚೇರಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಿ.